ಛಾರಾನಗರದ ಬೂಧನ್ ರಂಗತಂಡ: ಕುಟುಂಬ, ಕಾಯಿದೆ ಮತ್ತು ಅಭಿನಯ

ಅಹಮದಾಬಾದಿನ ಕುಬೇರನಗರಕ್ಕೆ ಸೇರಿದಂತೆ ಛಾರಾನಗರವೆಂಬ ಬಡಾವಣೆಯೊಂದಿದೆ. ಇಲ್ಲಿಯ ಜನಸಂಖ್ಯೆ ಸುಮಾರು 20,000 ಎಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. 1998ರ ಆಗಸ್ಟ್ 31ರಂದು ಈ ಬಡಾವಣೆಯ ತರುಣರು 'ಬೂಧನ್' ಎಂಬ ಹಿಂದಿ ನಾಟಕವನ್ನು ತಮ್ಮವರ ಎದುರಿಗೇ ಆಡಿದರು. ಆ ನಾಟಕದ ಹೆಸರೇ ಮುಂದೆ ಅವರ ತಂಡದ ಹೆಸರಾಯಿತು. ಛಾರಾ ಎಂಬ ಸಮುದಾಯದಲ್ಲಿ ಹುಟ್ಟಿದ ಈ ತರುಣರು ತಮ್ಮ ಮನೆತನವನ್ನೂ ತಮ್ಮ ಸಾಮಾಜಿಕ ಅಸ್ಮಿತೆಯನ್ನೂ ರಂಗದ ಮೇಲೆ ಪರಿಶೀಲಿಸಿದ ಬಗೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶವಾಗಿದೆ.

ಗುಜರಾತಿನ ರಂಗತಂಡವೊಂದರ ವಿಚಾರ ಕನ್ನಡ ಅಧ್ಯಯನದ ಪುಟಗಳಲ್ಲಿ ಏಕೆ ಬರಬೇಕೆಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಎರಡು ಕಾರಣಗಳಿವೆ. ಅಹಮದಾಬಾದು ಮತ್ತು ಹುಬ್ಬಳ್ಳಿ ಒಂದು ಕಾಲಕ್ಕೆ ಒಂದೇ ಮುಂಬಯಿ ಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿದ್ದವು. 'ಅಪರಾಧಿ ಬುಡಕಟ್ಟು'ಗಳೆಂದು ಕರೆಯಲಾದ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ 'ಸೆಟ್ಲಮೆಂಟು'ಗಳು ಎರಡೂ ಊರುಗಳಲ್ಲಿ ಇದ್ದವು. ಛಾರಾನಗರದ ಕಥೆ ಹಾಗಾಗಿ ಕನ್ನಡನಾಡಿನ ಆಡಳಿತ ಚರಿತ್ರೆಯ ಇನ್ನೊಂದು ಪುಟವೂ ಹೌದು. ಎರಡನೆಯದಾಗಿ, ಬುಡಕಟ್ಟು ಜನರ ಕಲೆ ಎಂದೊಡನೆ ನಮ್ಮ ಜಾನಪದ ಅಧ್ಯಯನಗಳು ಹುಡುಕಲು ಹೊರಡುವ ವಸ್ತುಗಳ ಪಟ್ಟಿಯನ್ನು ಈ ತಂಡದ ಕೆಲಸ ಪ್ರಶ್ನಿಸುತ್ತದೆ.

1. ಬುಡಕಟ್ಟು ಕಲೆಯ ನಿರೀಕ್ಷಿತ ರೂಪಗಳು

ಅಹಮದಾಬಾದಿನಿಂದ ವಡೋದರಾ, ಭರೂಚ್ ಮಾರ್ಗವಾಗಿ ಸೂರತ್ತಿನವರೆಗೆ ಸಾಗುವ ರೈಲುದಾರಿಯ ಪೂರ್ವಕ್ಕೆ ಗುಜರಾತಿನ ಆದಿವಾಸಿ ಪ್ರದೇಶ ಹಬ್ಬಿಕೊಂಡಿದೆ. ವಡೋದರಾದ ಪೂರ್ವಕ್ಕಿರುವ ಛೋಟಾ ಉದೇಪುರದ ರಾಠವಾ ಜನರು ಹೋಳಿಯ ನಂತರ ಕವಾಂಟಿನ ಜಾತ್ರೆಯಲ್ಲಿ ಮೈಗೆ ಬೂದಿಯ ಚುಕ್ಕೆಗಳನ್ನಿಟ್ಟುಕೊಂಡು ಕುಣಿಯುತ್ತಾರೆ. ಭರೂಚ್ ಜಿಲ್ಲೆಯ ರತನಪುರದಲ್ಲಿ ಬಾವಾ ಗೋರ್ ದರ್ಗಾದ ಸುತ್ತ ನೆಲೆಸಿರುವ ಸಿದ್ದಿಗಳ 'ಧಮಾಲ್' ಪ್ರಸಿದ್ಧವಾಗಿದೆ. ಸೂರತ್ತಿನ ಆಗ್ನೇಯಕ್ಕಿರುವ ಡಾಂಗ್ ಜಿಲ್ಲೆಯ ಜನರಲ್ಲಿ ಸಾಮೂಹಿಕ ನೃತ್ಯಗಳೂ ಮುಖವಾಡದ ಕುಣಿತವೂ ಬಳಕೆಯಲ್ಲಿವೆ. ಉತ್ಸವಗಳಲ್ಲಿ, ಮೆರವಣಿಗೆಗಳಲ್ಲಿ, ಸಾಂಸ್ಕೃತಿಕ ವಿನಿಮಯದ ಕಾರ್ಯಕ್ರಮಗಳಲ್ಲಿ ಹೊರಗಿನ ಪ್ರೇಕ್ಷಕರಿಗೆ ಈ ರೂಪಗಳು ಪರಿಚಿತವಾಗಿವೆ.

ಈ ಕುಣಿತಗಳ ಸತ್ತ್ವವನ್ನು ನಾವು ಕಡೆಗಣಿಸುತ್ತಿಲ್ಲ. ಆದರೆ ಅವು ಅಧಿಕೃತ ವೇದಿಕೆಗೆ ಬರುವಾಗ ಆದಿವಾಸಿಯ ಬದುಕಿನಿಂದ ಹಬ್ಬವೊಂದನ್ನೇ ಕತ್ತರಿಸಿ ತರಲಾಗುತ್ತದೆ. ಭೂಮಿ, ಅರಣ್ಯ, ವಲಸೆ, ಪೊಲೀಸು, ನ್ಯಾಯಾಲಯ ಇವು ಬಣ್ಣದ ಉಡುಗೆಯ ಹಿಂದೆ ಸರಿಯುತ್ತವೆ. ಛಾರಾ ತರುಣರ ಪರಿಸ್ಥಿತಿ ಇದಕ್ಕೂ ಭಿನ್ನವಾದುದು. ಉತ್ಸವದ ವೇದಿಕೆಗೆ ಒಪ್ಪುವ ಕುಣಿತದ ಹೆಸರಿನಿಂದ ಸಮಾಜ ಅವರನ್ನು ಎಂದೂ ಗುರುತಿಸಿದುದಿಲ್ಲ. ಸಮಾಜ ಅವರಿಗೆ ಕೊಟ್ಟಿದ್ದ ಗುರುತು ಒಂದೇ: ಕಳ್ಳರು. ಅವರ ರಂಗಕಾರ್ಯ ಹೊರಡುವುದು ಈ ಗುರುತಿನಿಂದಲೇ.

2. 'ಆದಿವಾಸಿ' ಮತ್ತು 'ವಿಮುಕ್ತ': ಪರಿಭಾಷೆಯ ಒಂದು ಟಿಪ್ಪಣಿ

ಮುಂದುವರಿಯುವ ಮುನ್ನ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. 'ಆದಿವಾಸಿ' ಎಂಬ ಶಬ್ದ ನೆಲದೊಡನೆ ಇರುವ ಪ್ರಾಚೀನ ಸಂಬಂಧವನ್ನು ಸೂಚಿಸುತ್ತದೆ. 'ಪರಿಶಿಷ್ಟ ಪಂಗಡ' ಸಂವಿಧಾನದ ಪಟ್ಟಿಯೊಂದರ ಹೆಸರು. 'ವಿಮುಕ್ತ' ಎಂಬುದಾದರೋ ಒಂದು ಕಾಯಿದೆಯಿಂದ ಬಿಡುಗಡೆ ಹೊಂದಿದವರು ಎಂಬ ಅರ್ಥದ, ಆಡಳಿತದಲ್ಲಿ ಹುಟ್ಟಿದ ಶಬ್ದ. ಈ ಮೂರೂ ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ವಿಮುಕ್ತ ಸಮುದಾಯಗಳು ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿಯಾಗಿ, ಮತ್ತೊಂದರಲ್ಲಿ ಪರಿಶಿಷ್ಟ ಪಂಗಡವಾಗಿ, ಇನ್ನೊಂದರಲ್ಲಿ ಹಿಂದುಳಿದ ವರ್ಗವಾಗಿ ಗುರುತಿಸಲ್ಪಟ್ಟಿವೆ. ಕರ್ನಾಟಕದಲ್ಲಿ ಕೊರಮ, ಕೊರಚ, ಲಂಬಾಣಿ ಸಮುದಾಯಗಳು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವುದನ್ನು ಇಲ್ಲಿ ನೆನೆಯಬಹುದು.

ವಿಮುಕ್ತ ಎಂಬ ಹೆಸರಿನ ಹಿಂದಿರುವುದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ವ್ಯಕ್ತಿಯೊಬ್ಬ ಮಾಡಿದ ಕೃತ್ಯಕ್ಕಾಗಿ ಅವನನ್ನು ಶಿಕ್ಷಿಸುವುದು ಸಾಮಾನ್ಯ ದಂಡನೀತಿ. ಈ ಕಾಯಿದೆ ಇಡೀ ಸಮುದಾಯವನ್ನೇ ಅಪರಾಧಿಯೆಂದು ಸಾರುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಸಾರಲ್ಪಟ್ಟ ಸಮುದಾಯದವರು ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಊರು ಬಿಡಬಾರದು. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ್ದ ಈ ಕಾಯಿದೆ 1911ರ ಹೊತ್ತಿಗೆ ಇತರ ಪ್ರಾಂತ್ಯಗಳಿಗೂ ವ್ಯಾಪಿಸಿ, 1924ರಲ್ಲಿ ಕ್ರೋಡೀಕೃತ ರೂಪವನ್ನು ಪಡೆಯಿತು.

ನಮ್ಮ ವಿಷಯಕ್ಕೆ ಮುಖ್ಯವಾದುದು ಈ ಕಾಯಿದೆ ಕುಟುಂಬವನ್ನು ಕಂಡ ರೀತಿ. ಅದರ ತರ್ಕದಲ್ಲಿ ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ. ಆದುದರಿಂದ ಹುಟ್ಟೇ ಅಪರಾಧದ ಪುರಾವೆ. ಈ ತರ್ಕದ ಮುಂದಿನ ಹೆಜ್ಜೆಯಾಗಿ, ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿ ಇರಿಸುವ ಅಧಿಕಾರವನ್ನೂ ಸರಕಾರ ಪಡೆದುಕೊಂಡಿತು. ತಾಯಿಯ ಮಡಿಲನ್ನೇ ಅಪರಾಧದ ಪಾಠಶಾಲೆಯೆಂದು ಬಗೆದ ಕಾಯಿದೆ ಇದು. ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ಇದು ರದ್ದಾಗಿ, 1952ರ ಆಗಸ್ಟ್ 31ರಂದು ಈ ಸಮುದಾಯಗಳು ವಿಮುಕ್ತಗೊಂಡವು. ಆದರೆ ಅದರ ಬೆನ್ನಿಗೇ ಹಲವು ರಾಜ್ಯಗಳಲ್ಲಿ 'ರೂಢಿಗತ ಅಪರಾಧಿ'ಗಳ ಕಾಯಿದೆಗಳು ಬಂದವು. ಸಮುದಾಯದ ಹೆಸರು ಪಟ್ಟಿಯಿಂದ ಹೋಯಿತು. ಠಾಣೆಯ ನೆನಪಿನಿಂದ ಹೋಗಲಿಲ್ಲ.

3. ಛಾರಾ ಮನೆತನಗಳು

ಛಾರಾಗಳು ವಾಯವ್ಯ ಭಾರತದ ಸಾಂಸಿ ಗುಂಪಿಗೆ ಹತ್ತಿರದವರು. ಮನೆಯೊಳಗೆ ಅವರಾಡುವ ನುಡಿ ಭಾಂಟು. ಹೊರಗೆ ಗುಜರಾತಿ ಮತ್ತು ಹಿಂದಿ. ಅಲೆಮಾರಿಗಳಾಗಿದ್ದ ಇವರನ್ನು ಬ್ರಿಟಿಷ್ ಆಡಳಿತ 1930ರ ದಶಕದಲ್ಲಿ ಅಹಮದಾಬಾದಿನ ಸೆಟ್ಲಮೆಂಟಿಗೆ ತಂದು ನಿಲ್ಲಿಸಿತು. ಬೇಲಿ ತೆಗೆದ ಮೇಲೂ ಜನ ಅದೇ ಸುತ್ತಿನಲ್ಲಿ ನೆಲೆಸಿದರು. ಛಾರಾ ಎಂದು ತಿಳಿದೊಡನೆ ಕೆಲಸ ಕೊಡಲು ಹಿಂಜರಿಯುವ ನಗರದಲ್ಲಿ ಕೆಲವರು ಸಣ್ಣ ಕಳವಿನಿಂದ, ಕೆಲವರು ಪಾನನಿಷೇಧವಿರುವ ಆ ರಾಜ್ಯದಲ್ಲಿ ಕಳ್ಳಭಟ್ಟಿಯಿಂದ ಹೊಟ್ಟೆ ಹೊರೆದರು. ಅದೇ ಬಡಾವಣೆಯಿಂದ ವಕೀಲರೂ ಶಿಕ್ಷಕರೂ ಪತ್ರಕರ್ತರೂ ಹೊರಬಂದರು. ಈ ಎರಡು ಸಂಗತಿಗಳು ಒಂದೇ ಮನೆಯಲ್ಲಿ, ಹಲವೊಮ್ಮೆ ಒಂದೇ ತಲೆಮಾರಿನ ಅಂತರದಲ್ಲಿ ಇವೆಯೆಂಬುದು ಗಮನಾರ್ಹ. ಅಪ್ಪ ಅವ್ವ ಪೊಲೀಸರ ಏಟು ತಿಂದು ತಂದ ಹಣದಿಂದ ಮಕ್ಕಳು ಶಾಲೆ ಕಲಿತರು.

ಇದರಿಂದ ಮಕ್ಕಳಿಗೆ ಒದಗುವ ನೈತಿಕ ಇಕ್ಕಟ್ಟು ಸಾಮಾನ್ಯವಾದುದಲ್ಲ. ಹೆತ್ತವರ ವೃತ್ತಿಯನ್ನು ಮರೆಮಾಚಿದರೆ ತಮ್ಮ ಓದಿನ ಋಣವನ್ನು ಮರೆತಂತೆ. ಅದನ್ನು ಹಾಡಿ ಹೊಗಳಿದರೆ ಕಾಯಿದೆ ಹೇಳಿದ್ದನ್ನೇ ಒಪ್ಪಿಕೊಂಡಂತೆ. ಓದಿದ ಛಾರಾ ತರುಣರಿಗೆ ಊರು ಬಿಟ್ಟು ಹೆಸರು ಬದಲಿಸಿಕೊಂಡು ನಗರದಲ್ಲಿ ಕರಗಿಹೋಗುವ ದಾರಿಯೂ ಇತ್ತು. ಬೂಧನ್ ತಂಡದವರು ಹಿಡಿದುದು ಬೇರೆ ದಾರಿ. ಅವರಲ್ಲಿ ಹಲವರು 'ಛಾರಾ' ಎಂಬುದನ್ನು ತಮ್ಮ ಹೆಸರಿನ ಭಾಗವಾಗಿಯೇ ಬಳಸಿದರು. ತಂಡದ ನಾಟಕಕಾರರೂ ನಿರ್ದೇಶಕರೂ ಆದ ದಕ್ಷಿಣ್ ಬಜರಂಗೆಯವರು ದಕ್ಷಿಣ್ ಛಾರಾ ಎಂದೂ ಪರಿಚಿತರು.

4. ವಡೋದರಾದಿಂದ ಬಂದ ಪ್ರೇರಣೆ

ಈ ತಂಡದ ಹುಟ್ಟಿನಲ್ಲಿ ವಡೋದರಾ ನಗರಕ್ಕೆ ವಿಶಿಷ್ಟ ಸ್ಥಾನವಿದೆ. ಅಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಗಣೇಶ ದೇವಿಯವರು ಅಧ್ಯಾಪನವನ್ನು ತೊರೆದು, 1996ರಲ್ಲಿ 'ಭಾಷಾ' ಸಂಶೋಧನ ಮತ್ತು ಪ್ರಕಾಶನ ಕೇಂದ್ರವನ್ನು ಸ್ಥಾಪಿಸಿದರು. ಛೋಟಾ ಉದೇಪುರದ ತೇಜಗಢದಲ್ಲಿ ಆದಿವಾಸಿ ಅಕಾಡೆಮಿಯನ್ನು ಕಟ್ಟಿದವರೂ ಅವರೇ. 1998ರ ಮಾರ್ಚಿನಲ್ಲಿ ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರು 'ಭಾಷಾ'ದ ಆಹ್ವಾನದ ಮೇರೆಗೆ ವಡೋದರಾದಲ್ಲಿ ವೆರಿಯರ್ ಎಲ್ವಿನ್ ಉಪನ್ಯಾಸವನ್ನು ನೀಡಿ, ವಿಮುಕ್ತ ಸಮುದಾಯಗಳ ಸ್ಥಿತಿಯನ್ನು ಮುಂದಿಟ್ಟರು. ಈ ಇಬ್ಬರು ಮತ್ತು 'ಉಚಲ್ಯಾ' ಎಂಬ ಮರಾಠಿ ಆತ್ಮಕಥನದ ಕರ್ತೃ ಲಕ್ಷ್ಮಣ ಗಾಯಕವಾಡರು ಸೇರಿ ವಿಮುಕ್ತ ಹಾಗೂ ಅಲೆಮಾರಿ ಬುಡಕಟ್ಟುಗಳ ಹಕ್ಕುಗಳಿಗಾಗಿ ವೇದಿಕೆಯೊಂದನ್ನು ಆರಂಭಿಸಿದರು.

ಅದೇ ವರ್ಷ ಮಹಾಶ್ವೇತಾ ಮತ್ತು ದೇವಿಯವರು ಛಾರಾನಗರಕ್ಕೆ ಬಂದಾಗ ಅಲ್ಲಿಯ ತರುಣರು ಬಯಸಿದುದು ಒಂದು ಗ್ರಂಥಾಲಯವನ್ನು. ಪುಸ್ತಕಗಳು ಬಂದವು, ಗ್ರಂಥಾಲಯದ ಕೋಣೆಯೇ ಕೂಡುವ ಸ್ಥಳವೂ ತಾಲೀಮಿನ ಸ್ಥಳವೂ ಆಯಿತು. ಆ ಪುಸ್ತಕಗಳ ಜೊತೆಗೆ ಅವರ ಕೈಸೇರಿದ ಇನ್ನೊಂದು ಬರಹ ಕಲಕತ್ತಾ ಉಚ್ಚ ನ್ಯಾಯಾಲಯದ ಒಂದು ತೀರ್ಪಿಗೆ ಸಂಬಂಧಿಸಿದುದು.

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಖೇಡಿಯಾ ಶಬರರೂ ಒಂದು ಕಾಲಕ್ಕೆ ಅಪರಾಧಿ ಬುಡಕಟ್ಟಿನ ಪಟ್ಟಿಯಲ್ಲಿದ್ದವರು. ಆ ಸಮುದಾಯದ ಬೂಧನ್ ಶಬರ ಎಂಬ ಯುವಕನನ್ನು 1998ರ ಫೆಬ್ರವರಿಯಲ್ಲಿ, ಹೆಂಡತಿ ಶ್ಯಾಮಲಿಯೊಡನೆ ಹೋಗುತ್ತಿದ್ದಾಗ, ಪೊಲೀಸರು ಹಿಡಿದೊಯ್ದರು. ಕೆಲವು ದಿನಗಳಲ್ಲೇ ಅವನು ಬಂಧನದಲ್ಲಿ ಸತ್ತ. ನೇಣು ಹಾಕಿಕೊಂಡನೆಂಬುದು ಅಧಿಕಾರಿಗಳ ಹೇಳಿಕೆ. ಶವವನ್ನು ಸುಟ್ಟರೆ ಸಾಕ್ಷ್ಯವೂ ಸುಟ್ಟುಹೋಗುತ್ತದೆಂದು ಅರಿತ ಶಬರರು ಅದನ್ನು ಹೂತಿಟ್ಟು ಕಾಪಾಡಿದರು. ಶಬರ ಕಲ್ಯಾಣ ಸಮಿತಿ ಮತ್ತು ಮಹಾಶ್ವೇತಾ ದೇವಿಯವರ ಪ್ರಯತ್ನದಿಂದ ಪ್ರಕರಣ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ನ್ಯಾಯಮೂರ್ತಿ ರುಮಾ ಪಾಲ್ ಅವರು ಅದೇ ವರ್ಷ ಕೇಂದ್ರೀಯ ತನಿಖಾ ದಳದ ವಿಚಾರಣೆಗೂ ಶ್ಯಾಮಲಿಗೆ ಪರಿಹಾರಕ್ಕೂ ಆದೇಶಿಸಿದರು.

ಪುರುಲಿಯಾದ ಈ ಸಂಗತಿಯನ್ನು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರದ ಛಾರಾ ತರುಣರು ನಾಟಕವಾಗಿಸಿದರು. ಶಬರರ ನುಡಿ ಅವರಿಗೆ ತಿಳಿಯದು. ಅವರ ಕಾಡು, ಅವರ ದೇವತೆ, ಅವರ ಅನ್ನ ಯಾವುದೂ ಛಾರಾಗಳದಲ್ಲ. ರಕ್ತಸಂಬಂಧವಂತೂ ಇಲ್ಲವೇ ಇಲ್ಲ. ಇಬ್ಬರಿಗೂ ಸಮಾನವಾದುದು ಒಂದು ಕಾಯಿದೆಯ ಗುರುತು ಮತ್ತು ಅದರಿಂದ ಬಂದ ಭಯ ಮಾತ್ರ.

5. 'ಬೂಧನ್' ನಾಟಕದ ರಚನೆ

ನಾಟಕದ ಕಥಾಹಂದರ ಸರಳವಾದುದು. ಬಂಧನ, ಠಾಣೆಯ ಹಿಂಸೆ, ಸಾವು, ಸಾವನ್ನು ಮುಚ್ಚಿಹಾಕುವ ಪ್ರಯತ್ನ, ಶಬರರ ಪ್ರತಿರೋಧ, ನ್ಯಾಯಾಲಯ: ಇವು ಒಂದರ ಹಿಂದೊಂದು ಬರುತ್ತವೆ. ಬೀದಿನಾಟಕದ ರೀತಿಯಲ್ಲಿ ರಂಗಸಜ್ಜಿಕೆ ತೀರ ಕಡಿಮೆ. ನಟರ ಗುಂಪೇ ಕಥೆ ಹೇಳುತ್ತದೆ, ಗುಂಪಿನಿಂದಲೇ ಪಾತ್ರಗಳು ಹೊರಬಂದು ಮತ್ತೆ ಗುಂಪಿಗೆ ಮರಳುತ್ತವೆ. ಕೊನೆಗೆ ಎಲ್ಲ ನಟರೂ ಪಾತ್ರವನ್ನು ಕಳಚಿ ಪ್ರೇಕ್ಷಕರ ಕಡೆ ತಿರುಗಿ, ತಾವು ಎರಡನೆಯ ದರ್ಜೆಯ ಪ್ರಜೆಗಳೇ ಎಂಬ ಪ್ರಶ್ನೆಯನ್ನು ಅವರ ಮುಂದಿಡುತ್ತಾರೆ. ತಾವು ಕೇಳುವುದು ಮರ್ಯಾದೆಯನ್ನು ಎಂದು ಹೇಳುತ್ತಾರೆ.

ಇಂಥ ನಾಟಕದಲ್ಲಿ ಮಾತಿಗಿಂತ ದೇಹಕ್ಕೆ ಹೆಚ್ಚು ಕೆಲಸ. ಅಂಗಚಲನೆ, ಲಯ, ಗುಂಪಿನ ಕೂಡುವಿಕೆ ಚದುರುವಿಕೆ, ಬಿದ್ದ ದೇಹ ಮತ್ತೆ ಏಳುವ ಬಗೆ ಇವೆಲ್ಲ ಸೇರಿ ಅದು ನೃತ್ಯಕ್ಕೆ ಸಮೀಪವಾಗುತ್ತದೆ. ಆದರೆ ಈ ಚಲನೆಯ ಮೂಲ ಯಾವುದೇ ಶಾಸ್ತ್ರೀಯ ಇಲ್ಲವೇ ಜನಪದ ನೃತ್ಯವಲ್ಲ. ಲಾಠಿಯೇಟಿಗೆ ಮೈ ಹೇಗೆ ಮುದುಡುತ್ತದೆ, ಬಾಗಿಲು ಬಡಿದ ಸದ್ದಿಗೆ ಮನೆಮಂದಿ ಹೇಗೆ ಸ್ತಬ್ಧರಾಗುತ್ತಾರೆ, ಠಾಣೆಯ ಮುಂದೆ ಹೆಂಗಸು ಹೇಗೆ ಕುಳಿತಿರುತ್ತಾಳೆ ಎಂಬುದನ್ನು ಈ ನಟರು ಶಿಬಿರದಲ್ಲಿ ಕಲಿಯಬೇಕಾಗಿರಲಿಲ್ಲ. ಇದು ಮನೆಯಿಂದ ಬಂದ ಅರಿವು. ನೃತ್ಯಪರಂಪರೆಯೊಂದು ತಾಯಿಯಿಂದ ಮಗಳಿಗೆ ಇಳಿದುಬರುವಂತೆ ಇಲ್ಲಿ ಹೆದರಿಕೆಯ ಪರಂಪರೆಯೊಂದು ಇಳಿದುಬಂದಿದೆ. ರಂಗ ಅದನ್ನು ಹೊರಗೆ ತೆಗೆದು, ನೋಡಬಹುದಾದ ರೂಪಕ್ಕೆ ತಂದಿತು.

ಇನ್ನೊಂದು ಸೂಕ್ಷ್ಮವೂ ಇದೆ. ಬೂಧನನ ಪಾತ್ರದಷ್ಟೇ ಪೊಲೀಸರ ಪಾತ್ರಗಳನ್ನೂ ಛಾರಾ ತರುಣರೇ ಆಡಬೇಕು. ತನ್ನ ಅಪ್ಪನನ್ನು ಹೊಡೆದವನ ನಿಲುವನ್ನು, ದನಿಯನ್ನು, ಬೈಗುಳವನ್ನು ಮಗ ತನ್ನ ಮೈಮೇಲೆ ತಂದುಕೊಳ್ಳಬೇಕಾಗುತ್ತದೆ. ಪ್ರೇಕ್ಷಕರ ಸಾಲಿನಲ್ಲಿ ಅದೇ ಅಪ್ಪ ಕುಳಿತಿರುತ್ತಾನೆ. ಅಧಿಕಾರದ ನಡೆಯನ್ನು ಅನುಕರಿಸಬಲ್ಲವನಿಗೆ ಅದರ ರಚನೆ ತಿಳಿಯುತ್ತದೆ. ತಿಳಿದುದು ಮೊದಲಿನಷ್ಟು ಅನಿವಾರ್ಯವಾಗಿ ಕಾಣುವುದಿಲ್ಲ. ಬೂಧನ್ ತಂಡದ ಶಕ್ತಿ ಈ ಪಾತ್ರ ಬದಲಾವಣೆಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಅಭಿನಯದ ಬಗ್ಗೆ ಛಾರಾ ಕಲಾವಿದರೇ ಹೇಳುತ್ತ ಬಂದಿರುವ ವಿವರಣೆಯೊಂದು ಇಲ್ಲಿ ಪ್ರಸ್ತುತ. ಕಳವಿಗೂ ಅಭಿನಯ ಬೇಕು: ವೇಷ ಬದಲಿಸಬೇಕು, ಗಮನ ಬೇರೆಡೆಗೆ ಸೆಳೆಯಬೇಕು, ಸಿಕ್ಕಿಬಿದ್ದಾಗ ಅಳಬೇಕು. ಹಾಗಾಗಿ ಅಭಿನಯ ತಮ್ಮ ಹಿರಿಯರಿಂದಲೇ ಬಂದ ವಿದ್ಯೆ ಎಂಬುದು ಅವರ ಮಾತು. ಈ ಮಾತಿನಲ್ಲಿ ವಿನೋದವಿದೆ. ಅದರ ಹಿಂದೆ ನಾವು ಮೇಲೆ ಹೇಳಿದ ನೈತಿಕ ಇಕ್ಕಟ್ಟಿಗೆ ಒಂದು ಉತ್ತರವೂ ಇದೆ. ಹೆತ್ತವರ ವೃತ್ತಿಯನ್ನು ಮಕ್ಕಳು ಮುಂದುವರಿಸಲಿಲ್ಲ, ಆದರೆ ಅವರ ಕೌಶಲವನ್ನು ತಿರಸ್ಕರಿಸಲೂ ಇಲ್ಲ. ಕಾಯಿದೆ ವಂಶಪಾರಂಪರ್ಯವನ್ನು ಅಪರಾಧದ ಪುರಾವೆಯಾಗಿ ಕಂಡಿತ್ತು. ಇವರು ಅದನ್ನೇ ಕಲೆಯ ಪುರಾವೆಯಾಗಿಸಿದರು.

6. ಎರವಲು ಹೆಸರಿನ ಅರ್ಥ

'ಬೂಧನ್' ಎಂಬ ಹೆಸರು ತಂಡಕ್ಕೆ ನಿಂತುದರ ಅರ್ಥವನ್ನು ಸ್ವಲ್ಪ ವಿಚಾರಿಸಬೇಕು. ತಮ್ಮ ಕುಲದ ಮೂಲಪುರುಷನದೋ ದೇವತೆಯದೋ ಹೆಸರನ್ನು ಇವರು ಇಟ್ಟುಕೊಳ್ಳಬಹುದಾಗಿತ್ತು. ಬದಲಾಗಿ ತಾವೆಂದೂ ಕಾಣದ, ಬೇರೆ ಬುಡಕಟ್ಟಿನ, ಸತ್ತ ಯುವಕನೊಬ್ಬನ ಹೆಸರನ್ನು ತೆಗೆದುಕೊಂಡರು. ಈ ಮೂಲಕ ಕುಟುಂಬವೆಂಬ ಕಲ್ಪನೆಯೇ ಹಿಗ್ಗಿತು. ಶ್ಯಾಮಲಿಯ ಅಳಲನ್ನು ಛಾರಾ ಹೆಣ್ಣು ತನ್ನದೆಂದು ಅಳಬಲ್ಲಳಾದರೆ, ವಿಮುಕ್ತ ಎಂಬ ಆಡಳಿತದ ಶಬ್ದಕ್ಕೆ ಮೊದಲ ಬಾರಿಗೆ ಬಂಧುತ್ವದ ಅರ್ಥ ಬರುತ್ತದೆ.

ಮುಂದಿನ ನಾಟಕಗಳು ಇದೇ ದಾರಿಯಲ್ಲಿ ಸಾಗಿದವು. 1998ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಪೊಲೀಸ್ ಬಂಧನದಲ್ಲಿ ಸತ್ತ ಪಾರ್ಧಿ ಸಮುದಾಯದ ಪಿನ್ಯಾ ಹರಿ ಕಾಳೆಯ ಪ್ರಕರಣವನ್ನು ಆಧರಿಸಿ ಒಂದು ನಾಟಕ ಬಂದಿತು. ಬಾದಲ್ ಸರ್ಕಾರರ 'ಭೋಮಾ', ಮಹಾಶ್ವೇತಾ ದೇವಿಯವರ ಕಥೆ ಇವೂ ತಂಡದ ರಂಗಕ್ಕೆ ಬಂದವು. ತಂಡದಲ್ಲಿ ಬೆಳೆದ ಆಲೋಕ ಗಾಗಡೇಕರ್ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದರು. ಕಲ್ಪನಾ ಗಾಗಡೇಕರ್ ಗುಜರಾತಿ ಚಲನಚಿತ್ರಗಳ ನಟಿಯಾದರು. ದಕ್ಷಿಣ್ ಬಜರಂಗೆ 2017ರಲ್ಲಿ 'ಸಮೀರ್' ಎಂಬ ಹಿಂದಿ ಚಲನಚಿತ್ರವನ್ನು ನಿರ್ದೇಶಿಸಿದರು. ಶಾಶ್ವತಿ ತಾಲೂಕ್ದಾರ್ ಮತ್ತು ಕೆರಿಮ್ ಫ್ರೀಡ್‌ಮನ್ ಅವರು 2011ರಲ್ಲಿ ಈ ತಂಡವನ್ನೂ ಅದರ ಕುಟುಂಬಗಳನ್ನೂ ಕುರಿತು ತಯಾರಿಸಿದ ಸಾಕ್ಷ್ಯಚಿತ್ರ ಸಂಶೋಧಕರಿಗೆ ಉಪಯುಕ್ತವಾದ ಆಕರ. ಅದರಲ್ಲಿ ನಾಟಕದ ದೃಶ್ಯಗಳ ಪಕ್ಕದಲ್ಲೇ ನಟರ ಮನೆಗಳು ಕಾಣಸಿಗುತ್ತವೆ.

7. ಹೊರನಾಡಿನ ಒಂದು ಹೋಲಿಕೆ

ಆಸ್ಟ್ರೇಲಿಯದ ಮೂಲನಿವಾಸಿಗಳ ರಂಗಭೂಮಿಯೊಡನೆ ಹೋಲಿಸಿ ನೋಡಿದರೆ ಛಾರಾ ಪ್ರಯೋಗದ ವಿಶೇಷ ಸ್ಪಷ್ಟವಾಗುತ್ತದೆ. ಅಲ್ಲಿಯೂ ಸರಕಾರ ಮೂಲನಿವಾಸಿಗಳನ್ನು ಸೆಟ್ಲಮೆಂಟುಗಳಲ್ಲಿ ಇರಿಸಿತ್ತು. ಮಕ್ಕಳನ್ನು ತಾಯಂದಿರಿಂದ ಕಿತ್ತು ಬೇರೆಡೆ ಬೆಳೆಸಿತ್ತು. ಈ ಅನ್ಯಾಯದ ಅಧಿಕೃತ ವರದಿ ಪ್ರಕಟವಾದುದು 1997ರಲ್ಲಿ. ಜ್ಯಾಕ್ ಡೇವಿಸ್ ಎಂಬ ಮೂಲನಿವಾಸಿ ನಾಟಕಕಾರರು 1985ರಲ್ಲೇ ಮೂರ್ ರಿವರ್ ಸೆಟ್ಲಮೆಂಟಿಗೆ ಸಾಗಿಸಲ್ಪಟ್ಟ ಕುಟುಂಬವೊಂದರ ಕಥೆಯನ್ನು 'ನೋ ಶುಗರ್' ನಾಟಕದಲ್ಲಿ ರಂಗಕ್ಕೆ ತಂದಿದ್ದರು. 1989ರಲ್ಲಿ ಸಿಡ್ನಿಯಲ್ಲಿ ಆರಂಭವಾದ ಬಂಗಾರಾ ನೃತ್ಯರಂಗವು ಪೂರ್ವಿಕರ ಆಚರಣೆಯ ನೃತ್ಯಗಳನ್ನು ಹಿರಿಯರ ಸಮ್ಮತಿಯೊಡನೆ ಪಡೆದು, ಹೊಸ ನೃತ್ಯಭಾಷೆಯೊಡನೆ ಬೆಸೆದು ತರುಣ ಕಲಾವಿದರಿಗೆ ಒದಗಿಸುತ್ತದೆ.

ಅಲ್ಲಿ ಕಳೆದುಹೋದುದನ್ನು ಮರಳಿ ಪಡೆಯುವ ಹಂಬಲ ಪ್ರಧಾನವಾಗಿದೆ. ನೆಲ, ಪೂರ್ವಿಕರು, ಆಚರಣೆ ಇವು ನೃತ್ಯದ ಆಧಾರ. ಅಲೆಮಾರಿಗಳಾಗಿದ್ದ ಛಾರಾಗಳಿಗೆ ಮರಳಿ ಪಡೆಯಲು ಅಂಥ ನೆಲವಿರಲಿಲ್ಲ. ಅವರು ತಮ್ಮ ರಂಗಕ್ಕೆ ಆಧಾರವಾಗಿ ಹಿಡಿದುದು ಸಂವಿಧಾನವನ್ನು, ನ್ಯಾಯಾಲಯದ ತೀರ್ಪನ್ನು, ಪ್ರಜೆ ಎಂಬ ಪದವನ್ನು. ಪ್ರಾಚೀನತೆಯ ಹಕ್ಕಿಗಿಂತ ಪೌರತ್ವದ ಹಕ್ಕು ಇಲ್ಲಿ ಮುಂದೆ ನಿಂತಿದೆ.

8. ಕನ್ನಡದ ಸಂದರ್ಭ

ದೂರದ ಊರಿನ ಹಿಂಸೆಯೊಂದನ್ನು ನಾಟಕವಾಗಿಸಿದ ಉದಾಹರಣೆ ಕನ್ನಡದಲ್ಲಿಯೂ ಇದೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಕೊಲೆಗಳನ್ನು 'ಸಮುದಾಯ' ತಂಡ 'ಬೆಲ್ಚಿ' ಎಂಬ ಬೀದಿನಾಟಕವಾಗಿಸಿ ಕರ್ನಾಟಕದ ಊರೂರುಗಳಲ್ಲಿ ಆಡಿತು. ನೀನಾಸಂ 1980ರ ದಶಕದಲ್ಲಿ ಉತ್ತರ ಕನ್ನಡದ ಸಿದ್ದಿ ಸಮುದಾಯದವರೊಡನೆ ರಂಗಶಿಬಿರ ನಡೆಸಿ ನಾಟಕ ಆಡಿಸಿತು; ಮುಂದೆ ಆ ಸಮುದಾಯದಿಂದ ಗಣನೀಯ ನಟನಟಿಯರು ಬಂದರು. ಮೊದಲನೆಯದರಲ್ಲಿ ನೊಂದವರ ಪರವಾಗಿ ಇತರರು ಆಡಿದರು. ಎರಡನೆಯದರಲ್ಲಿ ಸಮುದಾಯದವರೇ ಆಡಿದರು, ಪ್ರೇರಣೆ ಸಂಸ್ಥೆಯದಾಗಿತ್ತು. ಛಾರಾನಗರದಲ್ಲಿ ಪ್ರೇರಣೆ ಹೊರಗಿನಿಂದ ಬಂದರೂ ಬರವಣಿಗೆ, ನಿರ್ದೇಶನ, ಅಭಿನಯ, ಮೊದಲ ಪ್ರೇಕ್ಷಕವರ್ಗ ಇವೆಲ್ಲ ಸಮುದಾಯದೊಳಗೇ ಇದ್ದವು. ಈ ಮೂರು ಮಾದರಿಗಳನ್ನು ಮೇಲುಕೀಳಾಗಿ ನೋಡದೆ, ನೋವಿನ ಅನುಭವಕ್ಕೂ ನಾಟಕದ ಕರ್ತೃತ್ವಕ್ಕೂ ಇರುವ ಬೇರೆಬೇರೆ ಸಂಬಂಧಗಳಾಗಿ ಅಭ್ಯಸಿಸಬೇಕು.

ಆದರೆ ಕನ್ನಡದಲ್ಲಿ ಇನ್ನೂ ತುಂಬಬೇಕಾದ ತೆರವೊಂದಿದೆ. ಮುಂಬಯಿ ಪ್ರಾಂತ್ಯದ ಆಡಳಿತ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟುಗಳನ್ನು ನಡೆಸಿತು. ಕೊರಮರು, ಗಂಟಿಚೋರರು, ಹರಣಶಿಕಾರಿಗಳು ಮೊದಲಾದವರ ಚರಿತ್ರೆ ಈ ಬೇಲಿಗಳೊಡನೆ ಹೆಣೆದುಕೊಂಡಿದೆ. ಹುಬ್ಬಳ್ಳಿಯಲ್ಲಿ ಆ ಪ್ರದೇಶಕ್ಕೆ 'ಸೆಟ್ಲಮೆಂಟ್' ಎಂಬ ಹೆಸರು ಜನರ ಬಾಯಲ್ಲಿ ಉಳಿದುಬಂದಿದೆ. ಹಾಜರಿ ಕರೆ, ಪರವಾನಗಿ ಚೀಟಿ, ಬೇರ್ಪಟ್ಟ ಮಕ್ಕಳು ಇವುಗಳ ನೆನಪು ಆ ಮನೆಗಳ ಮೂರನೆಯ ನಾಲ್ಕನೆಯ ತಲೆಮಾರಿನಲ್ಲಿ ಯಾವ ರೂಪದಲ್ಲಿ ಉಳಿದಿದೆ? ಹಾಡಿನಲ್ಲೋ, ಗುಟ್ಟುಭಾಷೆಯಲ್ಲೋ, ಬೈಗುಳದಲ್ಲೋ, ಮೌನದಲ್ಲೋ? 1956ರ ರಾಜ್ಯ ಪುನರ್ವಿಂಗಡಣೆಯೊಡನೆ ಆಡಳಿತ ಬೇರೆಬೇರೆಯಾಯಿತು. ಆದರೆ ಮುಂಬಯಿ ಪ್ರಾಂತ್ಯದ ಒಂದೇ ನಿಯಮಾವಳಿಯ ಅಡಿ ಬದುಕಿದ ಅಹಮದಾಬಾದು ಮತ್ತು ಹುಬ್ಬಳ್ಳಿಯ ಕುಟುಂಬಗಳ ನೆನಪುಗಳನ್ನು ಜೊತೆಗಿಟ್ಟು ನೋಡಲು ಯಾವ ಅಡ್ಡಿಯೂ ಇಲ್ಲ. ಹೊರರಾಜ್ಯಗಳಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರು ಈ ಕೆಲಸಕ್ಕೆ ವಿಶೇಷವಾಗಿ ಸಮರ್ಥರು. ಡಾ. ಎಂ. ಎಂ. ಕಲಬುರ್ಗಿಯವರ ಹತ್ಯೆಯ ನಂತರ, 2016ರಲ್ಲಿ, ಗಣೇಶ ದೇವಿಯವರು ವಡೋದರಾ ಬಿಟ್ಟು ಧಾರವಾಡಕ್ಕೆ ಬಂದು ನೆಲೆಸಿದುದು ಈ ಎರಡು ಪ್ರದೇಶಗಳ ನಡುವೆ ಹೊಸದೊಂದು ಎಳೆಯನ್ನು ಹೂಡಿದೆ.

9. ರಂಗದ ಮಿತಿ ಮತ್ತು ಸಾಧನೆ

ನಾಟಕ ಎಲ್ಲವನ್ನೂ ಬದಲಿಸಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. 'ಬೂಧನ್' ಮೊದಲ ಪ್ರದರ್ಶನಕ್ಕೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, 2018ರ ಜುಲೈ 26ರ ರಾತ್ರಿ, ಪೊಲೀಸರು ದೊಡ್ಡ ಸಂಖ್ಯೆಯಲ್ಲಿ ಛಾರಾನಗರಕ್ಕೆ ನುಗ್ಗಿದರು. ತಮ್ಮ ಸಿಬ್ಬಂದಿಯ ಮೇಲೆ ಹಲ್ಲೆ ನಡೆಯಿತೆಂಬುದು ಪೊಲೀಸರ ವಿವರಣೆ. ಮನೆಗಳಿಗೆ ನುಗ್ಗಿ, ವಾಹನಗಳನ್ನು ಜಖಂಗೊಳಿಸಿ, ವಕೀಲರೆನ್ನದೆ ಹೆಂಗಸರೆನ್ನದೆ ಥಳಿಸಿದರೆಂಬುದು ನಿವಾಸಿಗಳ ದೂರು. ಹಲವರು ಬಂಧನಕ್ಕೊಳಗಾದರು. ನಾಟಕದಲ್ಲಿ ಆಡಿದುದನ್ನು ಬಡಾವಣೆ ಮತ್ತೆ ಬದುಕಬೇಕಾಯಿತು. ಆದರೆ ಅದರ ನಂತರ ಛಾರಾಗಳು ತಲೆಮರೆಸಿಕೊಳ್ಳಲಿಲ್ಲ. ಮೌನ ಮೆರವಣಿಗೆ ನಡೆಸಿದರು, ದೂರು ಬರೆದರು, ಪತ್ರಿಕೆಗಳೊಡನೆ ಮಾತನಾಡಿದರು. ಏಟು ತಿಂದವರು ಬಾಯಿ ಬಿಟ್ಟು ಹೇಳುವುದನ್ನು ಎರಡು ದಶಕಗಳ ಕಾಲ ರಂಗದ ಮೇಲೆ ಅಭ್ಯಾಸ ಮಾಡಿದ ಸಮುದಾಯ ಅದು.

ಕಾಯಿದೆಯ ಮಟ್ಟದಲ್ಲಿಯೂ ಚಲನೆ ನಿಧಾನವಾದುದು. ಬಾಲಕೃಷ್ಣ ರೇಣಕೆಯವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 2008ರಲ್ಲಿ ವರದಿ ಕೊಟ್ಟಿತು; ನಂತರ ಭೀಕೂ ಇದಾತೆಯವರ ಆಯೋಗ ಬಂದಿತು. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಕಾರಾಗೃಹ ನಿಯಮಾವಳಿಗಳು ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂಬ ಹಳೆಯ ಭಾವನೆಯಿಂದ ಕಾಣುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. 1871ರ ಕಾಯಿದೆಯ ನೆರಳು ನಿಯಮಪುಸ್ತಕಗಳಲ್ಲಿ ಒಂದೂವರೆ ಶತಮಾನ ಉಳಿದಿತ್ತೆಂಬುದಕ್ಕೆ ಈ ತೀರ್ಪೇ ಸಾಕ್ಷಿ.

ಈ ಚರ್ಚೆಯಿಂದ ನಾವು ತಲುಪುವ ನಿಲುವನ್ನು ಹೀಗೆ ಹೇಳಬಹುದು. ಅಪರಾಧಿ ಬುಡಕಟ್ಟುಗಳ ಕಾಯಿದೆ ಕುಟುಂಬವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿತ್ತು. ಬೂಧನ್ ರಂಗತಂಡ ಅದೇ ಕುಟುಂಬವನ್ನು ಸಾಕ್ಷಿಯ ಸ್ಥಾನಕ್ಕೆ ತಂದಿತು. ಮಕ್ಕಳು ಹೆತ್ತವರ ಪರವಾಗಿ ಕ್ಷಮೆ ಕೇಳದೆ, ಅವರನ್ನು ನಿರಾಕರಿಸದೆ, ಅವರ ಮೈಯ ನೆನಪನ್ನೇ ಆಧಾರವಾಗಿಟ್ಟುಕೊಂಡು ಸಾಕ್ಷ್ಯ ನುಡಿದರು. ಆದುದರಿಂದ ಇಂಥ ನಾಟಕಗಳನ್ನು ಪ್ರದರ್ಶನ ಕಲೆಯ ವಿಭಾಗದಲ್ಲಿ ಮಾತ್ರವಲ್ಲದೆ ಚರಿತ್ರೆಯ ಆಕರಗಳ ಸಾಲಿನಲ್ಲಿಯೂ ಇಟ್ಟು ಅಭ್ಯಸಿಸಬೇಕು. ಠಾಣೆಯ ದಫ್ತರದಲ್ಲಿ ಒಬ್ಬ ಛಾರಾನ ಬಗ್ಗೆ ಬರೆದುದು ಆಕರವಾಗಬಹುದಾದರೆ, ಅವನ ಮಗ ಅದೇ ಸಂಗತಿಯನ್ನು ಬಯಲಲ್ಲಿ ನಿಂತು ಆಡಿ ತೋರಿಸಿದುದೂ ಆಕರವೇ. ಹುಬ್ಬಳ್ಳಿ, ಗದಗ, ವಿಜಾಪುರಗಳ ಸೆಟ್ಲಮೆಂಟುಗಳ ಬಗ್ಗೆ ಮೊದಲ ಬಗೆಯ ಆಕರಗಳು ಸರಕಾರದ ಪತ್ರಾಗಾರಗಳಲ್ಲಿ ಕಾಯುತ್ತವೆ. ಎರಡನೆಯ ಬಗೆಯವು ವಯಸ್ಸಾದವರ ನೆನಪಿನಲ್ಲಿವೆ; ಅವು ಬಹಳ ಕಾಲ ಕಾಯಲಾರವು.